ಅಪ್ಪನ ಮುಂದ ಬಾರಿಸದ ಹಲಗಿ

ಮುದುಕಪ್ಪನ ಕೈ ಸುಮ್ಮನ ಕುಂತಿದ್ದನ್ನ ಊರಾಗ ಯಾರೂ ನೋಡಿಲ್ಲ. ಉಣ್ಣಾಕ ಕುಂತ್ರ ತಾಟಿನ ಅಂಚಿನ ಮ್ಯಾಲ, ಚರ್ಚಿನ್ಯಾಗ ಪ್ರಸಂಗ ನಡದಾಗ ತನ್ನ ತೊಡಿ ಮ್ಯಾಲ, ಬಲಗೈ ಬೆರಳು ಒಂದು ಮಾತು ಹೇಳ್ತಾವ, ಎಡಗೈ ಬೆರಳು ಅದಕ್ಕ ಜವಾಬು ಕೊಡ್ತಾವ. ಒಮ್ಮೆ ಮಾನ್ವಿ ಬಸ್ಸಿನ್ಯಾಗ ಮುಂದಿನ ಸೀಟಿನ ಹೆಣಮಗಳು ಹೊಳ್ಳಿ ನೋಡಿ, "ಯಜ್ಜಾ, ಇದೇನು ಬಸ್ಸೋ, ಮದಿವಿ ಹಂದರೋ? ಯಾವಾಗಿಂದ ಬಡಿಯಾಕತ್ತಿ!" ಅಂತ ಬೈದಿದ್ಲು. ಹೆಂಡತಿ ಗೋಪಮ್ಮ ಅಂತೂ ನಲವತ್ನಾಕು ವರ್ಷದಿಂದ ಅವನ ಕೈ ಮ್ಯಾಲ ಚಟ್ಟಂತ ಹೊಡಕೋತನಽ ಬಂದಾಳ. "ಬಿಟ್ಟೀನಿ ಬಿಟ್ಟೀನಿ ಅಂತಿ. ನಿನ್ನ ಬಾಯಿ ಬಿಟ್ಟದ, ಕೈ ಬಿಟ್ಟಿಲ್ಲ" ಅಂತಾಳ.

ಬಿಟ್ಟಿದ್ದು ಹಲಗಿ. ರಾಯಚೂರು ಸೀಮಿಯ ಮಲ್ಲಟದ ಸುತ್ತಿನ ಮಂದಿಗಿ ಬಿಡಿಸಿ ಹೇಳೋದು ಬ್ಯಾಡ, ಗೊತ್ತಿಲ್ಲದವ್ರಿಗಿ ಹೇಳಬೇಕು. ಜರಡಿಯಷ್ಟಗಲದ ಕಟ್ಟಿಗಿ ಬಳಿ, ಅದಕ್ಕ ಬಿಗಿದ ತೊಗಲು, ಹೆಗಲಿಗಿ ಹಾಕ್ಕೊಂಡು ಎದಿಗಿ ಆನಿಸಿ ಬಾರಿಸಾಕ ಒಂದು ದಪ್ಪ ಕೋಲು, ಒಂದು ಸಣ್ಣ ಕಡ್ಡಿ. ಅಷ್ಟಽ. ಆದ್ರ ಆ ಅಷ್ಟರ ಮ್ಯಾಲನಽ ಊರಿನ ಮದಿವಿ, ಜಾತ್ರಿ, ಮೊಹರಮ್ಮು, ಸಾವು ಎಲ್ಲಾ ನಡೀತಿದ್ವು. ಹಲಗಿ ಇಲ್ಲದ ಏನೂ ಶುರು ಆಗ್ತಿರಲಿಲ್ಲ, ಏನೂ ಮುಗೀತಿರಲಿಲ್ಲ.

ಮುದುಕಪ್ಪನ ಅಪ್ಪ ಹುಸೇನಪ್ಪ. ಮೊಹರಮ್ಮಿನ ಪೀರಲ ದೇವರಿಗಿ ಹರಕಿ ಹೊತ್ತು ಹುಟ್ಟಿದ ಮಗ ಅಂತ ಆ ಹೆಸರು. ಏನು ಬಾರಸ್ತಿದ್ದನಪ್ಪಾ ಆ ಮನಿಷ್ಯಾ! ಮದಿವಿ ಬಡಿತ ಹಾಕಿದ್ರ ಹಾಸಿಗಿ ಹಿಡಿದ ಮುದುಕಿಯರ ಕಾಲೂ ಅಲ್ಲಾಡ್ತಿದ್ವು. ಸಾವಿನ ಬಡಿತ ಹಾಕಿದ್ರ ಸತ್ತವನ ಮ್ಯಾಲ ಹಗಿ ಸಾಧಿಸಿದವನೂ ಟವಲಿನ್ಯಾಗ ಮಾರಿ ಮುಚ್ಕೊಂತಿದ್ದ. ಮಗನ್ನ ತೊಡಿ ಮ್ಯಾಲ ಕುಂದ್ರಿಸಿಕೊಂಡು, ಅವನ ಸಣ್ಣ ಕೈ ಮ್ಯಾಲ ತನ್ನ ಕೈ ಇಟ್ಟು ಕಲಿಸಿದ. ಮುದುಕಪ್ಪಗ ಅಕ್ಷರ ಗೊತ್ತಾಗೂ ಮುಂಚೆ ಬಡಿತ ಗೊತ್ತಿದ್ದವು.

ಸಾವಿನ ಬಡಿತಕ್ಕ ಮಾತ್ರ ಒಂದು ಕಟ್ಟಳಿ ಅದ. ಸತ್ತವನ ಅಂಗಳದಾಗ ಶುರು ಆತಂದ್ರ ಕುಣಿ ಮುಟ್ಟೋ ತನಕ ಅದನ್ನ ನಿಂದ್ರಸಂಗಿಲ್ಲ. ಮಳಿ ಬರಲಿ, ಕೈ ಸೋಲಲಿ, ನಿಂದ್ರಸಂಗಿಲ್ಲ. ನಡುವ ನಿಂತ್ರ ಹೋಗೋ ಜೀವಕ್ಕ ಹಾದಿ ತಪ್ತದ ಅಂತ ಹಿರೇರ ಮಾತು. ಕುಣಿ ಅಂಚಿಗಿ ನಿಂತು ಬಿಡಿಬಿಡಿಯಾಗಿ ಮೂರು ಪೆಟ್ಟು ಹಾಕಬೇಕು. ಆಗ ಮುಗೀತು, ಆಗ ಅಂವ ಹೋದ. "ನನ್ನ ಮುಂದ ನೀನಽ ಬಾರಿಸಬೇಕಲೇ, ಬ್ಯಾರೇದವರ ಕೈಯಾಗ ಬಿಡಬ್ಯಾಡ" ಅಂತ ಹುಸೇನಪ್ಪ ಮಗನಿಗಿ ನಗಚಾಟಿಕಿಗಿ ಹೇಳ್ತಿದ್ದ. ನಗಚಾಟಿಕಿ ಅಂತ ಮಗನೂ ನಗ್ತಿದ್ದ.

ಹಲಗಿ ಯಾಕ ಬಿಟ್ಟ? ಒಂದು ಬೊಗಸಿ ನೀರಿಗಿ ಬಿಟ್ಟ.

ಅವನಿಗಿ ಇಪ್ಪತ್ತೆರಡು ವರ್ಷ. ಊರ ಗೌಡ್ರ ತಾಯಿ ಹೋಗಿದ್ಲು. ಹೊತ್ತು ಹುಟ್ಟಿದಾಗಿಂದ ಅಪ್ಪ ಮಗ ಇಬ್ರೂ ಗೌಡ್ರ ಅಂಗಳದ ಹೊರಗ ಬಿಸಿಲಾಗ ನಿಂತು ಬಾರಿಸಿದ್ರು. ನೆಂಟರು ಬರ್ತಾರ, ತಡೀರಿ, ಬಾರಸ್ರಿ, ಅಂತ ಮಧ್ಯಾಹ್ನ ಆತು. ಮುದುಕಪ್ಪಗ ಗಂಟಲು ಒಣಗಿ ನೀರು ಕೇಳಿದ. ಒಬ್ಬ ಬಂದು, ಎಲ್ಲಿ ಮೈ ತಾಕ್ತದೋ ಅಂತ ದೂರ ನಿಂತು, ಮ್ಯಾಲಿಂದ ಕೊಡ ಬಗ್ಗಿಸಿದ. ಅರ್ಧ ನೀರು ಬೊಗಸಿಗಿ ಬಿತ್ತು, ಅರ್ಧ ಹಲಗಿ ಮ್ಯಾಲ ಬಿತ್ತು. ತೊಗಲು ನೆಂದ್ರ ಸಡಿಲಾಗಿ ದನಿ ಕುಂದ್ರತದ. ಐದು ನಿಮಿಷಕ್ಕ ಒಳಗಿಂದ ಗೌಡ್ರ ತಮ್ಮ ಬಂದು, "ಏನಲೇ, ನಮ್ಮವ್ವ ಅಂದ್ರ ಇಷ್ಟಽ ಏನು? ತಿಂದ ಕೂಳು ಎಲ್ಲಿ ಹೋತು?" ಅಂತ ಎಲ್ಲಾರ ಮುಂದ ಬೈದ. ನೀರು ಹಾಕಿದವ್ರೂ ಅವರಽ, ದನಿ ಇಲ್ಲ ಅಂದವ್ರೂ ಅವರಽ. ಹುಸೇನಪ್ಪ ತಲಿ ತಗ್ಗಿಸಿ "ತಪ್ಪಾತ್ರೀ ಧಣಿ" ಅಂದ. ಆ ಮಾತು ಮುದುಕಪ್ಪನ ಎದಿಯಾಗ ಮುಳ್ಳಾಗಿ ಕುಂತಿತು.

ಆಗ ಕೇರಿಗಿ ಸೈಕಲ್ಲಿನ ಮ್ಯಾಲ ಒಬ್ಬ ಪಾದ್ರಿ ಬರ್ತಿದ್ರು, ಸಾಲೊಮೋನಪ್ಪ ಅಂತ. ಎಲ್ಲಾರೂ ಅವರಿಗಿ ಅಯ್ಯನವ್ರು ಅಂತಿದ್ರು. ಕೇರಿಯವ್ರ ಜೋಡಿ ಒಂದಽ ಕಂಬಳಿ ಮ್ಯಾಲ ಕುಂದ್ರತಿದ್ರು, ಅವರ ಮನಿ ನೀರು ಕುಡೀತಿದ್ರು. ಆ ನೀರು ಕುಡಿಯೋದನ್ನ ನೋಡಿನಽ ಮುದುಕಪ್ಪ ಸೋತ. ಆ ವರ್ಷ ಹನ್ನೊಂದು ಮನಿಯವ್ರು ದೀಕ್ಷಾಸ್ನಾನ ತಗೊಂಡ್ರು. ಅಯ್ಯನವ್ರು ಕೇಳಿದ್ದು ಒಂದಽ ಮಾತು: "ಹಲಗಿ ಹೆಗಲ ಮ್ಯಾಲ ಇರೋ ತನಕ ನಿಮ್ಮನ್ನ ಕರೀತಾನಽ ಇರ್ತಾರ. ಅದನ್ನ ಬಿಡ್ರಿ." ಏಳು ಹಲಗಿ ಒಂದಽ ಕಡಿ ಹಾಕಿ ಬೆಂಕಿ ಹಚ್ಚಿದ್ರು. ಮುದುಕಪ್ಪ ತನ್ನ ಕೈಲೆ ತಂದು ಹಾಕಿದ. ಸುಟ್ಟ ತೊಗಲಿನ ವಾಸನಿ ಮೂರು ದಿನ ಕೇರಿ ಬಿಟ್ಟು ಹೋಗಲಿಲ್ಲ. ಹುಸೇನಪ್ಪ ಮಾತ್ರ ಸೇರಲಿಲ್ಲ. ತನ್ನ ಹಲಗಿ ಗೂಟಕ್ಕ ಹಾಕಿ, ಹೊಸ್ತಿಲ ಮ್ಯಾಲ ಕುಂತು, ಹೊಗಿ ನೋಡಿಕೋತ ಚುಟ್ಟಾ ಸೇದಿದ.

ನಾಕು ತಿಂಗಳಿಗಿ ಹುಸೇನಪ್ಪ ತೀರಿಕೊಂಡ.

ಅಪ್ಪನ ಹಲಗಿ ಗೂಟಕ್ಕಽ ಇತ್ತು. ಮುದುಕಪ್ಪ ಅದನ್ನ ಇಳಿಸಿದ. ನೆಲ್ಲುಹುಲ್ಲು ತಂದು ಬೆಂಕಿ ಮಾಡಿ ತೊಗಲು ಕಾಸಾಕ ಕುಂತ. ಅಯ್ಯನವ್ರು ಊರಾಗ ಇರಲಿಲ್ಲ, ತಡದವ್ರು ಅವರಲ್ಲ. ತಡದವ್ರು ಅವನ ಜೋಡಿ ಸ್ನಾನ ತಗೊಂಡ ಹತ್ತು ಮನಿಯವ್ರು. ಕೈ ಮುಗುದು ಸುತ್ತ ನಿಂತ್ರು. "ತಮ್ಮಾ, ಇವತ್ತ ನೀ ಬಾರಿಸಿದ್ರ ಆತು. ನಿಮ್ಮವ್ರಿಗಿ ಬಾರಸ್ತೀರಿ, ನಮ್ಮವ್ರಿಗಿ ಯಾಕ ಬಾರಸಂಗಿಲ್ಲ ಅಂತ ನಾಳಿ ಗೌಡ್ರು ಎಲ್ಲಾರನ್ನೂ ಅಂಗಳಕ್ಕ ನಿಂದ್ರಸ್ತಾರ. ನಾಕು ತಿಂಗಳಾತು ತಲಿ ಎತ್ತಿ. ನಿನ್ನ ಕಾಲು ಹಿಡ್ಕೊಂತೀವಿ" ಅಂದ್ರು. ಅವರು ಹೇಳಿದ್ದು ಖರೇ ಇತ್ತು. ಮುದುಕಪ್ಪ ಹಲಗಿ ಕೆಳಗಿಟ್ಟ. ಬ್ಯಾರೇ ಊರಿಂದ ಯಾರನ್ನರ ಕರಸೋಣಂದ್ರ, "ಮಗ ಇದ್ದೂ ನಾವ್ಯಾಕ ಬರೋಣು?" ಅಂದ್ರು ಅವರು.

ಹಿಂಗಾಗಿ ಸುತ್ತ ಹತ್ತೂರಿನ ಹೆಣದ ಮುಂದ ನಡದ ಹುಸೇನಪ್ಪ, ತಾ ಹೋಗಾಗ ಮೂಕನಾಗಿ ಹೋದ. ಹಲಗೀನೂ ಅವನ ಜೋಡಿ ಕುಣಿಯಾಗ ಇಟ್ರು. ಹೊತ್ತವ್ರ ಹೆಜ್ಜಿ ಸಪ್ಪಳ ಬಿಟ್ರ ಬ್ಯಾರೇ ಸಪ್ಪಳ ಇರಲಿಲ್ಲ. ಕುರಿ ಕಾಯೋ ಬೂದೆಪ್ಪ ಮುದುಕಪ್ಪನ ಜೋಡಿ ಸಣ್ಣವನಿದ್ದಾಗಿಂದ ಆಡಿ ಬೆಳದಂವ. ಅಂವ ಮಣ್ಣು ಹಾಕಿ ಬಂದು, ಎಲ್ಲಾರ ಮುಂದನಽ ಬೈದ: "ಊರಾಗ ನಾಯಿ ಸತ್ರೂ ನಾಕು ಮಂದಿ ಹಾ ಅಂತಾರ. ನಿಮ್ಮಪ್ಪ ಎಲ್ಲಾರಿಗೂ ಹಾದಿ ತೋರಿಸಿದ, ಅವನಿಗಿ ತೋರಸೋರು ಯಾರೂ ಇಲ್ಲಂಗಾತಲ್ಲಲೇ ಮುದುಕ್ಯಾ!" ಗೆಳೆಯರಿಬ್ರೂ ಒಂದು ವರ್ಷ ಮಾತಾಡಲಿಲ್ಲ.

ಆಮ್ಯಾಲ ಜೀವನ ನಡೀತು, ನಿಲ್ತದೇನು ಅದು? ಮುದುಕಪ್ಪ ಕಾಲುವಿ ಕೆಲಸಕ್ಕ ಹೋದ. ರಾಯಚೂರಿನ ಹತ್ತಿ ಗಿರಣಿಯಾಗ ಹದಿನೇಳು ವರ್ಷ ಹತ್ತಿ ತುಂಬಿದ ಅಂಡಗಿ ಹೊತ್ತ. ಹಗಲಿಡೀ ಕೆಲಸ ಮಾಡಿ ಬಂದು, ಅಯ್ಯನವ್ರ ಕಡಿಂದ ಕಂದೀಲಿನ ಬೆಳಕಿಗಿ ಓದಾಕ ಕಲ್ತ. ಮಗಳನ್ನ ನರ್ಸಿಂಗ್ ಓದಿಸಿ ದೇವದುರ್ಗಕ್ಕ ಕೊಟ್ಟ, ಅಕಿ ಅಲ್ಲಿ ದವಾಖಾನಿಯಾಗ ಇದ್ದಾಳ. ಗೌಡ್ರ ಮನಿಯವ್ರಽ ಈಗ ಅಕಿಗಿ "ಸಿಸ್ಟರ್, ಜರಾ ನೋಡ್ರಿ" ಅಂತಾರ. ಹಲಗಿ ಬಿಟ್ಟಿದ್ದಕ್ಕ ಬಂದದ್ದು ಇದೆಲ್ಲಾ. ಮುದುಕಪ್ಪ ಇದನ್ನ ಎಂದೂ ಮರೀಲಿಲ್ಲ, ಎಂದೂ ಪಶ್ಚಾತ್ತಾಪ ಪಡಲಿಲ್ಲ. ಆದ್ರ ಬ್ಯಾರೇ ಕೇರಿಯಾಗ ಎಲ್ಲ್ಯಾರ ಹಲಗಿ ದನಿ ಕೇಳ್ತಂದ್ರ, ಹೊತ್ತ ಅಂಡಗಿ ಇಳಿಸಿ ನಿಂತುಬಿಡ್ತಿದ್ದ. ಅವನು ಬಿಡಬೇಕಾಗಿದ್ದು ಚಾಕರಿ. ಚಾಕರಿ ಜೋಡಿ ಹಲಗೀನೂ ಹೋತು, ಹಲಗಿ ಜೋಡಿ ಅಪ್ಪನೂ ಹೋದ. ಅಪ್ಪ ಇನ್ನೂ ಅಂಗಳದಾಗಽ ನಿಂತಾನ, ಹೊಂಡಾಕ ಕಾಯಾಕತ್ತಾನ ಅಂತ ಅವನಿಗಿ ಒಮ್ಮೊಮ್ಮೆ ಅನಸ್ತಿತ್ತು. ಯಾರ ಮುಂದ ಹೇಳೋದು ಇದನ್ನ? ದೇವರ ಮುಂದ ಮೊಣಕಾಲೂರಿ ಕುಂತಾಗ ಹೇಳ್ಬೇಕಂದ್ರ, ಇದನ್ನ ದೇವರಿಗಿ ಹೇಳಬಹುದೋ ಇಲ್ಲೋ ಅನ್ನೋದಽ ಗೊತ್ತಾಗ್ತಿರಲಿಲ್ಲ.

ಪ್ರಾರ್ಥನಿ ಇಷ್ಟು ದಿನ ಕೇರಿಯಾಗಿನ ತಗಡಿನ ಶೆಡ್ಡಿನ್ಯಾಗ ನಡೀತಿತ್ತು. ಈಗ ಒಂಬತ್ತು ವರ್ಷ ಜೀವ ತೇಯ್ದು, ಕೇರಿಯವ್ರು ಮಾನ್ವಿ ರಸ್ತಾದ ಮ್ಯಾಲ ಹೊಸ ಚರ್ಚ್ ಕಟ್ಟಿಸಿದ್ರು. ಕಲ್ಲಿನ ಗ್ವಾಡಿ, ಎತ್ತರದ ಬಾಗಿಲು, ಮ್ಯಾಲ ಗಂಟಿ. ಮುದುಕಪ್ಪ ವಾರದಾಗ ಎರಡು ದಿನ ಕೂಲಿ ಇಲ್ಲದ ಕಲ್ಲು ಹೊತ್ತ, ಗ್ವಾಡಿಗಿ ನೀರು ಹೊಡದ. ಓಪನಿಂಗ್ ದಿನ ಗೊತ್ತಾತು. ಬಿಷಪ್ರು ಬರ್ತಾರ, ಹಳೇ ಶೆಡ್ಡಿನಿಂದ ಹೊಸ ಚರ್ಚಿನ ತನಕ ಮೆರವಣಿಗಿ. ಈಗಿನ ಅಯ್ಯನವ್ರು ಪ್ರಭುದಾಸ, ಬೀದರ್ ಕಡಿಯವ್ರು, ಹರೇದ ಮನಿಷ್ಯಾ. ಅವರು ಆರಾಧನಿ ಮುಗದ ಮ್ಯಾಲ ನಿಂತು, "ಮೆರವಣಿಗಿಗಿ ದೇವದುರ್ಗದ ಹಲಗಿ ಮೇಳ ಹೇಳೀವಿ" ಅಂದ್ರು.

ಹಿರೇರು ಗದ್ದಲ ಮಾಡಿದ್ರು. ಸುಟ್ಟಿದ್ದನ್ನ ಮತ್ತ ಒಳಗ ತರ್ತೀರೇನು ಅಂತ ಕೇಳಿದ್ರು. ಅಯ್ಯನವ್ರು ಸಿಟ್ಟಾಗಲಿಲ್ಲ. "ಅವತ್ತ ಸುಟ್ಟವ್ರು ಸರಿ ಮಾಡಿದ್ರು ಹಿರೇರ. ಅವತ್ತ ಹಲಗಿ ಬಾರಿಸಿದವ್ನು ಹೊರಗ ನಿಂದ್ರತಿದ್ದ. ಈಗ ಆ ಹುಡುಗ್ರು ರಾಯಚೂರಿನ ವೇದಿಕಿ ಮ್ಯಾಲ ಬಾರಿಸಿ ಹಾರ ಹಾಕಿಸಿಕೊಂತಾರ. ಯಾರ ಬಾಗಿಲಿಗೂ ನಿಂದ್ರಂಗಿಲ್ಲ. ನಾವು ಯಾರಿಗಿ ಅಂಜೋದು?" ಅಂದ್ರು. ಎಲ್ಲಾರೂ ಮುದುಕಪ್ಪನ ಕಡಿ ನೋಡಿದ್ರು. ಏಳು ಹಲಗಿ ಸುಟ್ಟವ್ರೊಳಗ ಉಳಿದಂವ ಅಂವ ಒಬ್ಬನಽ. "ನನ್ನದೇನದ್ರೀ, ನೀವು ಹೆಂಗಂತೀರಿ ಹಂಗ" ಅಂದ. ಬಾಯಿ ಹಂಗಂತು. ಬೆರಳು ಮಾತ್ರ ತೊಡಿ ಮ್ಯಾಲ ಜೋರು ಬಡಿಯಾಕತ್ತಿದ್ವು.

ಮನಿಗಿ ಬಂದು ಉಣಲಿಲ್ಲ. ಗೋಪಮ್ಮ ರೊಟ್ಟಿ ತಾಟು ಮುಂದಿಟ್ಟು ನೋಡಿದ್ಲು. "ಬೇಕಂತದ ಏನು?" ಅಂದ್ಲು.

"ಏನು ಬೇಕಂತದ?"

"ನನ್ನ ಮುಂದ ನಾಟಕ ಮಾಡಬ್ಯಾಡ. ಹಲಗಿ."

ಮುದುಕಪ್ಪ ಸಣ್ಣ ಹುಡುಗನಂಗ ಗೋಣು ಹಾಕಿದ. "ಭಾಳ ಬೇಕನಸ್ತದ ಬೇ" ಅಂದ. "ಸಾಯೋದರೊಳಗ ಒಂದಽ ಸಲ."

"ನೋಡು, ಕೇಳು. ಮುಟ್ಟಬ್ಯಾಡ. ಅರವತ್ತಾರಾತು, ಮುಟ್ಟಿದ್ರ ಏನಾಗ್ತಿಯೋ ನೀ. ಮಂದಿ ನಗೋ ಹಂಗ ಆಗಬಾರದು" ಅಂದ್ಲು ಗೋಪಮ್ಮ. ಬೈದಂಗ ಅಂದ್ಲು, ಆದ್ರ ಅಕಿ ಕಣ್ಣಾಗ ಬೈಗಳ ಇರಲಿಲ್ಲ. ಹುಸೇನಪ್ಪ ಸತ್ತ ದಿನ ಅಕಿ ಆರು ತಿಂಗಳ ಸೊಸಿ. ಗಂಡ ಹಲಗಿ ಕೆಳಗಿಟ್ಟದ್ದನ್ನ ಒಲಿ ಮುಂದಿಂದ ನೋಡಿದಕಿ.

ಓಪನಿಂಗ್ ದಿನ ಬಂತು. ಕೇರಿ ತುಂಬ ಬಣ್ಣದ ಕಾಗದ, ಹೊಸ ಸೀರಿ, ಶೆಡ್ಡಿನ ಮುಂದ ಬಿಷಪ್ರ ಬಿಳೀ ಕಾರು. ಮಾನ್ವಿ, ಗಿಲ್ಲೆಸುಗೂರು, ಗುಂಜಹಳ್ಳಿ ಕಡಿಂದ ನೆಂಟರು ಟಂಟಂ ತುಂಬಿಕೊಂಡು ಬಂದಿದ್ರು. ಊರ ಮಂದೀನೂ ನೋಡಾಕ ನೆರದಿತ್ತು. ಮೇಳದ ನಾಕು ಮಂದಿ ಹಳದಿ ಅಂಗಿ ಹಾಕ್ಕೊಂಡು ನಿಂತಿದ್ರು, ಅವರ ಮುಂದಾಳು ಹನುಮಂತ್ರಾಯ ಅಂತ, ಮೂವತ್ತರ ಆಸುಪಾಸು. ಮೂರು ಹಲಗಿ ಈಗಿನವು, ಪ್ಲಾಸ್ಟಿಕ್ ಹಾಳಿ, ನಟ್ಟು ಬೋಲ್ಟು ಬಿಗಿದು ಬಾರಸೋವು. ಹನುಮಂತ್ರಾಯನ ಹೆಗಲ ಮ್ಯಾಲಿಂದು ಒಂದಽ ತೊಗಲಿಂದು. ಮುಂಜಾನಿ ಇಬ್ಬನಿ ಬಿದ್ದು ತೊಗಲು ತಣ್ಣಗಾಗಿತ್ತು. ಅಂವ ಹಂಗಽ ಎರಡು ಪೆಟ್ಟು ಹಾಕಿದ, ಬಪ್ ಬಪ್ ಅಂತು.

ಮುದುಕಪ್ಪಗ ತಡಕೊಳ್ಳಾಕ ಆಗಲಿಲ್ಲ. "ಲೇ ತಮ್ಮಾ! ಕಾಸಲಾರದ ಬಾರಸ್ತೀಯಲ್ಲ, ಅದೇನು ಹಲಗ್ಯೋ, ನೆನಸಿದ ಹಪ್ಪಳೋ?"

ಹುಡುಗ್ರು ನಕ್ರು. ಹನುಮಂತ್ರಾಯ ನಗಲಿಲ್ಲ. ಬಲ್ಲವನ ಮಾತು ಅಂತ ಅವನಿಗಿ ಗೊತ್ತಾತು. "ಬೆಂಕಿ ಎಲ್ಲಿ ಮಾಡ್ಲಿ ಯಜ್ಜಾ, ಪೆಂಡಾಲ್ ಅದ" ಅಂದ. ಮುದುಕಪ್ಪ ಶೆಡ್ಡಿನ ಹಿಂದ ಹೋಗಿ, ಯಾರದೋ ಬಣವಿಯಿಂದ ಒಂದು ಹಿಡಿ ನೆಲ್ಲುಹುಲ್ಲು ಹಿರಕೊಂಡು ಬಂದು ಕಡ್ಡಿ ಗೀರಿದ. ಹಲಗಿ ಇಸ್ಕೊಂಡು ಉರಿ ಮ್ಯಾಲ ಹಿಡದು, ಅಂಗೈಲೆ ಸವರಿ ಸವರಿ ನೋಡಿದ. ತೊಗಲು ಬಿಗೀತು. ಬೆರಳಿಲೆ ಮೀಟಿದ. ಠಣ್ ಅಂತು. ಆ ದನಿ ಕೇಳಿ ಮುದುಕಪ್ಪನ ಕಣ್ಣು ತುಂಬಿದ್ವು. ಹೊಗಿ ಅಂತ ಒರಸಿಕೊಂಡ.

ಹನುಮಂತ್ರಾಯ ನೋಡಾಕತ್ತಿದ್ದ. ಎರಡೂ ಕೋಲು ಮುಂದ ಹಿಡದ. "ನೀವಽ ಮುಂದ ನಡೀರಿ ಯಜ್ಜಾ. ನಾವು ನಿಮ್ಮ ಹಿಂದ ಬಾರಸ್ತೀವಿ."

ಮುದುಕಪ್ಪ ಹೆಂಗಸರ ಕಡಿ ನೋಡಿದ. ಗೋಪಮ್ಮ ಅಲ್ಲೇ ನಿಂತಿದ್ಲು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಸೆರಗು ಸರಿ ಮಾಡಿಕೋತ ಆ ಕಡಿ ಮಾರಿ ತಿರುವಿದ್ಲು. ನಲವತ್ನಾಕು ವರ್ಷ ಸಂಸಾರ ಮಾಡಿದವಗ ಅಷ್ಟು ಸಾಕು.

ಮದಿವಿ ಬಡಿತ ಬಾರಿಸಬೇಕಂತನಽ ಅಂವ ಹಲಗಿ ಹೆಗಲಿಗಿ ಹಾಕ್ಕೊಂಡ. ಹೊಸ ಚರ್ಚಿಗಿ ಹೋಗಾಕ ಮದಿವಿ ಬಡಿತಕ್ಕಿಂತ ಚಂದಂದು ಯಾವುದದ? ಬಿಷಪ್ರು ಪ್ರಾರ್ಥನಿ ಮಾಡಿ ಆಮೆನ್ ಅಂದ್ರು. ಅಯ್ಯನವ್ರು ಕೈ ಮಾಡಿದ್ರು. ಮುದುಕಪ್ಪ ಕಣ್ಣು ಮುಚ್ಚಿ ದಪ್ಪ ಕೋಲು ಎತ್ತಿ ಹಾಕಿದ.

ಡಣ್. ಡಣ್. ಡಣ್ ಡಕ್ಕಣ. ಡಣ್.

ನಾಕು ಹೆಜ್ಜಿ ಹೋಗೋದರೊಳಗ ಹನುಮಂತ್ರಾಯನ ಮೈ ಜುಂ ಅಂತು. ಗೋಪಮ್ಮ ಬಾಯಿ ಮ್ಯಾಲ ಕೈ ಇಟ್ಕೊಂಡ್ಲು. ಅದು ಮದಿವಿ ಬಡಿತ ಅಲ್ಲ. ಸಾವಿಂದು.

"ಯವ್ವಾ ಏನು ಮಾಡಿದ ಇಂವ!" ಅಂತ ಗೋಪಮ್ಮ ಮಂದಿ ಸರಿಸಿಕೋತ ಓಡಿ ಬಂದು ಅವನ ಅಂಗಿ ಜಗ್ಗಿದ್ಲು. "ಏನು ಬಾರಿಸಾಕತ್ತಿ? ಖಬರದ ಏನು? ಹೊಸ ಚರ್ಚು! ಒಳ್ಳೇ ದಿನ!"

ಮುದುಕಪ್ಪ ಕಣ್ಣು ತೆರದ. ಆಗ ಅವನಿಗೂ ಕೇಳಿಸ್ತು, ತನ್ನ ಕೈ ಏನು ಬಾರಿಸಾಕತ್ತಾವ ಅಂತ. ಮಾರಿ ಬೂದಿಯಾತು. ಆದ್ರ ಕೈ ನಿಲ್ಲಲಿಲ್ಲ.

"ಶುರು ಆಗಿಬಿಟ್ಟದ ಬೇ" ಅಂದ, ಅಳೋ ದನೀಲೆ. "ನಡುವ ಹೆಂಗ ನಿಂದ್ರಸಲಿ? ನಿಂದ್ರಸಂಗಿಲ್ಲಲ್ಲ!"

"ನೀ ಇದನ್ನೆಲ್ಲ ನಂಬಂಗಿಲ್ಲಲ್ಲ?"

"ನಂಬಂಗಿಲ್ಲ. ಆದ್ರ ಅಂವ ನಂಬ್ತಿದ್ನಲ್ಲ."

ಯಾರು ಅಂವ ಅಂತ ಗೋಪಮ್ಮ ಕೇಳಲಿಲ್ಲ. ಅಂಗಿ ಬಿಟ್ಲು. ಬಿಟ್ಟು, ಅವನ ಮಗ್ಗಲಿಗಿ ಬಂದು ಹೆಜ್ಜಿ ಹಾಕಿದ್ಲು. ಹನುಮಂತ್ರಾಯನೂ ಹಲಗಿ ಕುಲದಾಗ ಹುಟ್ಟಿದಂವ, ಕಟ್ಟಳಿ ಬಲ್ಲಂವ. ತನ್ನ ಮೂರೂ ಮಂದಿಗಿ ಕಣ್ಣು ಮಾಡಿದ. ಅವರೂ ಮೆಲ್ಲಕ ಅದಽ ಬಡಿತಕ್ಕ ಕೂಡಿಕೊಂಡ್ರು.

ಉಳದವ್ರಿಗಿ ಏನು ಗೊತ್ತು? ಕೇರಿ ಹುಡುಗ್ರು ಹುಟ್ಟಿದಾಗಿಂದ ಕೀರ್ತನಿ ಹಾಡಿ ಮಣ್ಣು ಮಾಡೋದನ್ನ ನೋಡಿದವ್ರು. ಈ ಬಡಿತ ಅವರ ಕಿವಿಗಿ ಎಂದೂ ಬಿದ್ದಿಲ್ಲ. ಬಿಳೀ ಸೀರಿ ಹುಡುಗೇರು ಬ್ಯಾನರ್ ಹಿಡಕೊಂಡು ಆ ನಿಧಾನದ ಪೆಟ್ಟಿಗಿ ಸರಿಯಾಗಿ ಹೆಜ್ಜಿ ಹಾಕಿದ್ರು. ಹುಡುಗ್ರು ಕೈ ಮ್ಯಾಲೆತ್ತಿ ತೂಗಿದ್ರು, ಫೋನಿನ್ಯಾಗ ಹಿಡದ್ರು. ಬಿಷಪ್ರು ಕೂಡ ತಲಿ ಆಡಿಸಿಕೋತ ನಡದ್ರು. ಊರಿನ ಮಂದಿಯೊಳಗ ಹಣ್ಣಾದವ್ರು ನಾಕು ಮಂದಿ ಒಬ್ಬರ ಮಾರಿ ಒಬ್ರು ನೋಡಿದ್ರು. "ಯಾರು ಹೋದ್ರು?" ಅಂತ ಒಬ್ಬಾಕಿ ಕೇಳಿದ್ಲು.

ಶೆಡ್ಡಿನಿಂದ ಚರ್ಚಿಗಿ ಹೋಗೋ ಹಾದಿ ಕಾಲುವಿ ದಂಡಿಗುಂಟ ಅದ. ಅರ್ಧ ಹಾದಿಗಿ ಕೇರಿಯ ಹಳೇ ಮಣ್ಣು ಬರ್ತದ, ಸತ್ತವ್ರನ್ನ ಹೂಳಿದ ಜಾಗ. ಈಗ ಬರೇ ಜಾಲಿ ಕಂಟಿ, ಯಾವ ಕುಣಿ ಯಾರದು ಅಂತ ಗುರ್ತಿಲ್ಲ. ಮುದುಕಪ್ಪಗ ಗುರ್ತಿತ್ತು. ಅಲ್ಲಿ ಬೂದೆಪ್ಪ ಕುರಿ ನಿಂದ್ರಸಿಕೊಂಡು ಮೆರವಣಿಗಿ ಹಾದು ಹೋಗಲಿ ಅಂತ ಕಾಯಾಕತ್ತಿದ್ದ. ಅವನ ಕಿವಿ ಮಂದ ಆಗಿ ಐದಾರು ವರ್ಷ ಆತು. ಹತ್ತಿರ ಬಂದ ಮ್ಯಾಲ ಕೇಳಿಸ್ತು. ಮೊದಲ ಬಡಿತ ಗುರ್ತಾತು, ಆಮ್ಯಾಲ ಬಾರಸೋ ಕೈ ಗುರ್ತಾತು. ಅಂವ ತಲಿ ಮ್ಯಾಲಿನ ರುಮಾಲು ತಗದು ಕಂಕಳಾಗ ಇಟ್ಕೊಂಡ. ದಂಡಿ ಮ್ಯಾಲಿನ ತಂಗಡಿ ಹೂವು ಒಂದು ಹಿಡಿ ಹರಕೊಂಡು, ಕಂಟಿಯೊಳಗ ಆ ಜಾಗ ಹುಡುಕಿ ಹೋಗಿ ನಿಂತ.

ಮುದುಕಪ್ಪ ಅಲ್ಲಿ ನಿಂತ. ಹಿಂದಿನ ಮಂದಿ ಎಲ್ಲಾ ನಿಂತ್ರು. ಏನೋ ಪದ್ಧತಿ ಇರಬೇಕಂತ ಅಯ್ಯನವ್ರೂ ಸುಮ್ಮನ ನಿಂತ್ರು.

ಒಂದು ಪೆಟ್ಟು ಹಾಕಿದ. ಬೂದೆಪ್ಪ ಹೂವು ಚೆಲ್ಲಿದ. ಎರಡನೇದು ಹಾಕಿದ. ಮೂರನೇದಕ್ಕ ಕೋಲು ಎತ್ತಿದಂವ ಎತ್ತಿದಂಗಽ ನಿಂತುಬಿಟ್ಟ. ಇದನ್ನ ಹಾಕಿದ್ರ ಅಪ್ಪ ಹೋಗ್ತಾನ. ಬಾರಸಬೇಕು ಬಾರಸಬೇಕಂತ ನಲವತ್ನಾಕು ವರ್ಷ ಹಂಬಲಿಸಿದ್ದ, ಆದ್ರ ಬಾರಿಸದಽ ಇದ್ದಿದ್ದಕ್ಕಽ ಅಪ್ಪ ಇಷ್ಟು ದಿನ ಜೋಡಿ ಇದ್ದ ಅನ್ನೋದು ಅವನಿಗಿ ಆಗ ಗೊತ್ತಾತು. ಗೋಪಮ್ಮ ಮೊಣಕೈಗಿ ಆಸರ ಕೊಟ್ಲು. "ಕಳಸು" ಅಂದ್ಲು. "ಭಾಳ ದಿನ ನಿಂದ್ರಿಸಿಕೊಂಡಿ. ಕಳಸಿನ್ನ."

"ನಡಿ ಯಪ್ಪಾ" ಅಂದ ಮುದುಕಪ್ಪ, ಹಲಗಿಗಷ್ಟಽ ಕೇಳೋ ಹಂಗ. ಮೂರನೇ ಪೆಟ್ಟು ಹಾಕಿದ. ಕಾಲುವಿ ಆಚಿಂದ ಅದರ ದನಿ ಹೊಳ್ಳಿ ಬಂತು.

ಆಮ್ಯಾಲ ಮಾರಿ ಒರಸಿಕೊಂಡು, ಉಸಿರು ಎಳಕೊಂಡು, ಮದಿವಿ ಬಡಿತ ಹಾಕಿದ ನೋಡ್ರಿ! ಅರವತ್ತಾರು ವರ್ಷದ ಮುದುಕನ ಕೈಯಾಗ ಅಷ್ಟು ಕಸುವು ಎಲ್ಲಿತ್ತೋ. ಹುಡುಗ್ರು ಕುಣದ್ರು, ಹುಡುಗೇರು ಬ್ಯಾನರ್ ಬಿಟ್ಟು ಕುಣದ್ರು, ಅಯ್ಯನವ್ರ ಹೆಂಡತೀನೂ ಎರಡು ಹೆಜ್ಜಿ ಹಾಕಿದ್ರು. ಬೂದೆಪ್ಪನ ಕುರಿ ಬೆದರಿ ಅವರಿವರ ಕಾಲಾಗ ಸಿಕ್ಕು ಗದ್ದಲ ಎಬ್ಬಿಸಿದ್ವು. ಹಂಗಽ ಬಾರಿಸಿಕೋತ ಹೊಸ ಚರ್ಚಿನ ಬಾಗಿಲಿಗಿ ತಂದು ಮುಟ್ಟಿಸಿದ. ಬಿಷಪ್ರು ರಿಬ್ಬನ್ ಕತ್ತರಿಸಿ ಬಾಗಿಲು ತೆರದ್ರು, ಗಂಟಿ ಮೊಳಗಿತು, ಎಲ್ಲಾರೂ ಒಳಗ ಹೋದ್ರು. ಅಯ್ಯನವ್ರು ಮುದುಕಪ್ಪನ ಭುಜ ಹಿಡದು, ಹಲಗಿ ಸಮೇತ ಒಳಗ ಕರಕೊಂಡು ಹೋಗಿ ಮುಂದಿನ ಸಾಲಿನ್ಯಾಗ ಕುಂದ್ರಿಸಿದ್ರು.

ಮಧ್ಯಾಹ್ನ ಪೆಂಡಾಲಿನ್ಯಾಗ ಊಟ. ಹುಗ್ಗಿ, ಅನ್ನ, ಬದನಿಕಾಯಿ ಪಲ್ಯ. ಬೂದೆಪ್ಪ ಕುರಿ ಬ್ಯಾರೇದವರಿಗಿ ಒಪ್ಪಿಸಿ ಬಂದು ಮುದುಕಪ್ಪನ ಮಗ್ಗಲಕ ಕುಂತಿದ್ದ. ಇಬ್ರೂ ಜೋಡೀಲೆ ಉಂಡ್ರು. ಅಯ್ಯನವ್ರು ಬಡಸಿಕೋತ ಬಂದು ಮುದುಕಪ್ಪನ ಮುಂದ ಕುಕ್ಕರಗಾಲಿಲೆ ಕುಂತ್ರು.

"ಮೊದಲ ಬಾರಿಸಿದ್ರಲ್ಲ ಹಿರೇರ, ನಿಧಾನದ್ದು, ಅದು ಬಿಷಪ್ರ ಮನಸಿಗಿ ಭಾಳ ಹತ್ತಿತು. ಕ್ರಿಸ್ಮಸ್ಸಿಗಿ ಅದನ್ನ ಮತ್ತ ಬಾರಸ್ರಿ ಅಂದಾರ."

ಗೋಪಮ್ಮ ಸೌಟು ಹಿಡಕೊಂಡು ನಿಂತಲ್ಲೇ ನಿಂತ್ಲು. ಮುದುಕಪ್ಪ ಬಾಯಾಗಿನ ತುತ್ತು ನುಂಗಿದ.

"ಎರಡನೇದು ಎಷ್ಟಾರ ಸಲ ಬಾರಸ್ತೀನ್ರಿ ಅಯ್ಯನವ್ರ. ಮೊದಲಿಂದು ಆಗಂಗಿಲ್ರಿ. ಅದು ಒಬ್ಬರಿಗಿ ಒಂದಽ ಸಲ. ನಮ್ಮಪ್ಪ ತೀರಿಕೊಂಡಿದ್ದಕ್ಕ ಬಾರಿಸಿದ್ದು."

ಅಯ್ಯನವ್ರ ಮಾರಿ ಇಳೀತು. "ಅಯ್ಯೋ, ನಮಗ ಗೊತ್ತಾಗಲಿಲ್ಲಲ್ರಿ. ನಿಮ್ಮಪ್ಪ ಯಾವಾಗ ತೀರಿಕೊಂಡ್ರು?"

ಮುದುಕಪ್ಪ ತಾಟು ಕೆಳಗಿಟ್ಟ. ಅವನಿಗಿ ಲೆಕ್ಕ ಹಾಕಬೇಕಾಗಲಿಲ್ಲ.

"ಇವತ್ತ ಮುಂಜಾನಿರೀ" ಅಂದ.